ರೂಟ್ ಕೆನಾಲ್ ಆದ ದವಡೆಹಲ್ಲು: ಫಿಲ್ಲಿಂಗ್ ಸಾಕಾ, ಆನ್‌ಲೇನಾ, ಕ್ಯಾಪೇ ಬೇಕಾ?

ಹುಳುಕುಗೂಡು:
ಕೆಳಗಿನ ಮೊದಲ ದವಡೆಹಲ್ಲು, ರೂಟ್ ಕೆನಾಲ್ ಮುಗಿದಿದೆ. ನಾಲಿಗೆ ಕಡೆಯ ಒಂದು ಮೊನೆ (ಅಗಿಯುವ ಮೇಲ್ಮೈಯ ಉಬ್ಬು) ಮುರಿದಿದೆ, ಮುಂಬದಿಯ ಅಂಚೂ ಹೋಗಿದೆ. ಹಿಂಬದಿ ಅಂಚು, ಕೆನ್ನೆ ಕಡೆಯ ಮೊನೆಗಳು ಹಾಗೇ ಇವೆ. ಸದ್ಯ ತಾತ್ಕಾಲಿಕ ಫಿಲ್ಲಿಂಗ್. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆ. ಕಾಂಪೊಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್), ಆನ್‌ಲೇ (ಅಗಿಯುವ ಮೇಲ್ಭಾಗವನ್ನಷ್ಟೇ ಮುಚ್ಚುವ, ಲ್ಯಾಬಿನಲ್ಲಿ ಮಾಡಿದ ತುಂಡು), ಝಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪ್, ಇವುಗಳಲ್ಲಿ ಯಾವುದು? ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಹಾಕಿಸಬೇಕಾ?

ದಂತಕಥೆ:
ವಸ್ತು ಯಾವುದು ಅನ್ನೋದು ಕೊನೆಯ ಪ್ರಶ್ನೆ. ಹಳೆ ಫಿಲ್ಲಿಂಗು, ಹುಳುಕು ಪೂರ್ತಿ ತೆಗೆದ ಮೇಲೆ ಎಷ್ಟು ಹಲ್ಲು ಉಳಿಯಿತು ಅಂತ ಮೊದಲು ಅಳೆಯಬೇಕು. ರೂಟ್ ಕೆನಾಲ್ ಆದ ಹಲ್ಲು ಒಣಗಿ ಪೆಳಸಾಗುತ್ತೆ ಅಂತಾರೆ. ನಿಜವಾದ ನಷ್ಟ ಬೇರೆ ಕಡೆ ಇದೆ. ಮೇಲಿನಿಂದ ಕೊರೆದ ತೂತಿನಿಂದ ಹಲ್ಲಿನ ಬಿಗಿ ಶೇ. 5ರಷ್ಟು ಮಾತ್ರ ಇಳಿಯುತ್ತೆ. ಹಿಂದೆ, ಮುಂದೆ ಎರಡೂ ಬದಿಯ ಅಂಚು ಹೋದರೆ ಶೇ. 60 ದಾಟುತ್ತೆ. ನಿಮಗೆ ಒಂದು ಅಂಚು ಉಳಿದಿದೆ, ಅದನ್ನು ಸುಮ್ಮನೆ ಕೊರೆಸಿ ಕಳೆದುಕೊಳ್ಳಬೇಡಿ.

ಹಾಗಂತ ಬರೀ ಕಾಂಪೊಸಿಟ್ ತುಂಬಿ ಬಿಡೋದೂ ಸರಿಯಲ್ಲ. ಅಗಿಯುವಾಗ ಮೊನೆಗಳು ಹೊರಕ್ಕೆ ಬಾಗುತ್ತವೆ, ಬುಡದಲ್ಲಿ ಬಿರುಕು ಹುಟ್ಟುತ್ತೆ. ಅದು ಬೇರಿಗಿಳಿದರೆ ಹಲ್ಲು ಕೀಳೋದೊಂದೇ ದಾರಿ. ನಿಮ್ಮಂತೆ ಹಲ್ಲು ಕಡಿಯುವವರಿಗೆ ಉಳಿದ ಮೊನೆಗಳನ್ನೂ ತಗ್ಗಿಸಿ ಮೇಲಿಂದ ಮುಚ್ಚಬೇಕು. ಉಳಿದ ಗೋಡೆ ಬುಡದಲ್ಲಿ ಸಾಕಷ್ಟು ದಪ್ಪ ಇದ್ದು ಸುತ್ತಲೂ ಅಂಚು ಎನಾಮಲ್ ಮೇಲೆ ಸಿಕ್ಕರೆ ಆನ್‌ಲೇ ಸಾಕು, ಹಲ್ಲಿನ ಸೊಂಟ ಕೊರೆಯೋದು ತಪ್ಪುತ್ತೆ. ಗೋಡೆ ತೆಳುವಾಗಿದ್ದರೆ ಕ್ಯಾಪ್.

ಕ್ಯಾಪ್ ಅಂದರೆ ಫೆರೂಲ್ ನೋಡಬೇಕು: ಕ್ಯಾಪಿನ ಅಂಚಿನಿಂದ ಮೇಲಕ್ಕೆ 2 ಮಿ.ಮೀ. ಎತ್ತರ, 1 ಮಿ.ಮೀ. ದಪ್ಪದ ಸ್ವಂತ ಹಲ್ಲು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೇಗೋ ಹಾಗೆ ಕ್ಯಾಪು ಅದನ್ನು ಬಿಗಿಹಿಡಿಯುತ್ತೆ. ಹಿಡಿಯೋಕೆ ಬರೀ ಫಿಲ್ಲಿಂಗ್ ಇದ್ದರೆ ಕ್ಯಾಪು ಕೋರ್ (ಹೋದ ಹಲ್ಲಿನ ಬದಲು ಕ್ಯಾಪಿನ ಒಳಗೆ ಕಟ್ಟಿದ ಫಿಲ್ಲಿಂಗ್) ಸಮೇತ ಕಿತ್ತುಬರುತ್ತೆ.

ಪೋಸ್ಟ್ ಬೇಡ. ಅದು ಹಲ್ಲಿಗೆ ಬಲ ಕೊಡಲ್ಲ, ಕೋರನ್ನು ಹಿಡಿದಿಡುತ್ತೆ ಅಷ್ಟೇ. ದವಡೆಹಲ್ಲಿನ ಒಳಕೋಣೆಯೇ ಕೋರಿಗೆ ಸಾಕಷ್ಟು ಹಿಡಿತ ಕೊಡುತ್ತೆ. ಪೋಸ್ಟಿಗಾಗಿ ಬೇರು ಕೊರೆದಷ್ಟೂ ಸೀಳುವ ಅಪಾಯ.

ಅಚ್ಚುಮೇಜು:
ಲ್ಯಾಬ್ ಕಡೆಯ ಮಾತು. ಕ್ಯಾಪ್ ಒಡೆಯೋದು ಬಹುತೇಕ ಜಾಗ ಸಾಲದೆ. ಅಗಿಯುವ ಮೇಲ್ಮೈಯಲ್ಲಿ ಇಡಿಯ ಝಿರ್ಕೋನಿಯಾಗೆ 1 ಮಿ.ಮೀ., ಲಿಥಿಯಂ ಡೈಸಿಲಿಕೇಟಿಗೆ (ಗಾಜಿನಂಥ ಸೆರಾಮಿಕ್) 1.5, ಲೋಹದ ಮೇಲೆ ಪೋರ್ಸಲಿನ್ ಕೂರಿಸಿದ್ದಕ್ಕೆ 1.5ರಿಂದ 2 ಬೇಕು. ಹಲ್ಲು ಕಡಿಯುವವರಿಗೆ ಪೋರ್ಸಲಿನ್ ಪದರ ಇರೋದು ಬೇಡ, ಚಕ್ಕೆ ಏಳುತ್ತೆ. ‘ಝಿರ್ಕೋನಿಯಾ’ ಅಂದಷ್ಟಕ್ಕೇ ಸುಮ್ಮನಾಗಬೇಡಿ: ಹೆಚ್ಚು ಪಾರದರ್ಶಕವಾದದ್ದು ನೋಡೋಕೆ ಚೆಂದ, ಬಲದಲ್ಲಿ ಕಡಿಮೆ. ಹಿಂದಿನ ಹಲ್ಲಿಗೆ ಗಟ್ಟಿಯದೇ ಇರಲಿ.

ಎದುರಿನ ಹಲ್ಲು ಸವೆಯೋದಕ್ಕೆ ಝಿರ್ಕೋನಿಯಾ ಗಡಸಾಗಿರೋದು ಕಾರಣ ಅಲ್ಲ, ಮೇಲ್ಮೈ ಒರಟಾಗಿರೋದು ಕಾರಣ. ಕಚ್ಚು ಸರಿಮಾಡಲು ಉಜ್ಜಿದ ಜಾಗವನ್ನು ರಬ್ಬರ್ ಪಾಲಿಶರಿನಿಂದ ಮತ್ತೆ ಕನ್ನಡಿಯಂತೆ ಮಾಡಲೇಬೇಕು.

ಹುಳುಕುಗೂಡು:
ಮುಂಬದಿಯಲ್ಲಿ ಮುರಿದ ಜಾಗದ ಅಂಚು ವಸಡಿನ ಕೆಳಗಿದೆ. ಆಗಲೂ ಆನ್‌ಲೇ ಆಗುತ್ತಾ?

ದಂತಕಥೆ:
ಅಲ್ಲೇ ತೊಡಕು. ಆನ್‌ಲೇ ನಿಲ್ಲೋದು ಅಂಟಿನ ಮೇಲೆ. ಎಂಜಲೋ ರಕ್ತವೋ ತಾಗಿದರೆ ಅಂಟು ಕೆಟ್ಟಂತೆ. ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಬಿಗಿಯುವ ರಬ್ಬರ್ ಹಾಳೆ) ಕಟ್ಟಿ ಒಣಗಿಸೋಕೆ ಆಗುತ್ತೆ ಅಂದರೆ ಆ ಅಂಚನ್ನು ಕಾಂಪೊಸಿಟ್‌ನಿಂದ ವಸಡಿನ ಮೇಲಕ್ಕೆ ಎತ್ತಿ, ಆಮೇಲೆ ಅಳತೆ ತೆಗೆಯಬಹುದು. ಮೂಳೆಯಿಂದ ಅಂಚಿಗೆ 3 ಮಿ.ಮೀ. ಅಂತರವಿಲ್ಲದಿದ್ದರೆ ವಸಡು ಸದಾ ಊದಿಕೊಂಡೇ ಇರುತ್ತೆ. ಆಗ ಮೊದಲು ಕ್ರೌನ್ ಲೆಂಥನಿಂಗ್, ಅಂದರೆ ವಸಡು, ಮೂಳೆ ತಗ್ಗಿಸಿ ಹಲ್ಲನ್ನು ಹೆಚ್ಚು ಹೊರಗೆ ತರುವ ಶಸ್ತ್ರಚಿಕಿತ್ಸೆ. ಅಂಚು ಎಷ್ಟು ಆಳದಲ್ಲಿದೆ ಅಂತ ಬೈಟ್‌ವಿಂಗ್ (ಹಲ್ಲಿನಿಂದ ಕಚ್ಚಿಹಿಡಿದು ತೆಗೆಸುವ) ಎಕ್ಸ್‌ರೇ ತೋರಿಸುತ್ತೆ, ಅದನ್ನು ನೋಡದೆ ಆನ್‌ಲೇಗೆ ಒಪ್ಪಬೇಡಿ.

ತಡ ಮಾಡಬೇಡಿ. ತಾತ್ಕಾಲಿಕ ಫಿಲ್ಲಿಂಗ್ ಕೆಲವೇ ವಾರಗಳಲ್ಲಿ ಸೋರತೊಡಗುತ್ತೆ, ಕೆನಾಲಿಗೆ ಮತ್ತೆ ಸೋಂಕು ಇಳಿಯುತ್ತೆ. ಕ್ಯಾಪಿಗೆ ಕಾಯಬೇಕಾಗಿ ಬಂದರೂ ಕೋರ್ ಈಗಲೇ ಕಟ್ಟಿಸಿ.

ಅಚ್ಚುಮೇಜು:
ಆನ್‌ಲೇಗೆ ಲಿಥಿಯಂ ಡೈಸಿಲಿಕೇಟ್ ವಾಸಿ. ಅದರ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲ ಕೊರೆಯುತ್ತೆ, ಸೈಲೇನ್ (ಸೆರಾಮಿಕ್, ರೆಸಿನ್ ಎರಡನ್ನೂ ಬೆಸೆಯುವ ದ್ರವ) ಹಚ್ಚಿದರೆ ರೆಸಿನ್ ಸಿಮೆಂಟು ಗಟ್ಟಿಯಾಗಿ ಹಿಡಿಯುತ್ತೆ. ಝಿರ್ಕೋನಿಯಾಗೆ ಆ ಆಮ್ಲ ನಾಟಲ್ಲ. ಅಲ್ಯೂಮಿನಾ ಪುಡಿ ಹೊಡೆದು ಎಂಡಿಪಿ (ಝಿರ್ಕೋನಿಯಾಗೆ ಅಂಟುವ ರಾಸಾಯನಿಕ) ಇರುವ ಪ್ರೈಮರ್ ಹಚ್ಚಬೇಕು. ಬಾಯಲ್ಲಿಟ್ಟು ನೋಡಿದ ಝಿರ್ಕೋನಿಯಾವನ್ನು ಫಾಸ್ಫಾರಿಕ್ ಆಮ್ಲದಿಂದ ತೊಳೆದರೆ ಆ ಪ್ರೈಮರ್ ಅಂಟುವ ಜಾಗವೇ ಮುಚ್ಚಿಹೋಗುತ್ತೆ, ಬೇಗ ಕಳಚಿಕೊಳ್ಳೋದಕ್ಕೆ ಇದೂ ಒಂದು ಕಾರಣ.

ಅಂಟಿಸುವ ಮೊದಲು ಪಕ್ಕದ ಹಲ್ಲಿನ ಸಂದಿಗೆ ಫ್ಲಾಸ್ ದಾರ ಹಾಕಿ ನೋಡಿ: ಟಕ್ ಅಂತ ಇಳಿಯಬೇಕು, ಎಳೆ ಹರಿಯಬಾರದು. ಸಡಿಲ ಇದ್ದರೆ ವಾಪಸ್ ಲ್ಯಾಬಿಗೆ ಕಳಿಸಲಿ, ಅಲ್ಲಿ ಸೇರಿಸಬಹುದು. ಸಿಮೆಂಟ್ ಆದ ಮೇಲೆ ಆಗಲ್ಲ. ನೈಟ್ ಗಾರ್ಡಿನ (ಹಲ್ಲು ಕಡಿಯುವವರು ರಾತ್ರಿ ಹಾಕಿಕೊಳ್ಳುವ ಕವಚ) ಅಳತೆ ಕ್ಯಾಪೋ ಆನ್‌ಲೇಯೋ ಕೂತ ಮೇಲೇ ಕೊಡಿ, ಮೊದಲೇ ಮಾಡಿಸಿದ್ದು ಆಮೇಲೆ ಕೂರಲ್ಲ.