ಸಹಾಯ ಬೇಕು: ಶಾಖ ಬೇರೆ, ತಾಪಮಾನ ಬೇರೆ ಅಂತ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಸಂಜೆ ವಿಜ್ಞಾನ ಹೇಳಿಕೊಡುತ್ತೇನೆ. ಕುದಿಯುವ ನೀರಿಗೆ ಉರಿ ಎಷ್ಟು ಜಾಸ್ತಿ ಮಾಡಿದರೂ 100 ಡಿಗ್ರಿ ದಾಟುವುದಿಲ್ಲ, ಹಾಗಾದರೆ ಆ ಶಾಖ ಎಲ್ಲಿ ಹೋಯಿತು ಟೀಚರ್ ಅಂತ ಒಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ ಅಲ್ವಾ! ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ (ಶಾಖ ಅಳೆಯುವ ಮಾನ) ಸಾಕು, ಅದೇ ಕುದಿಯುವ ನೀರು ಆವಿಯಾಗಲು ಗ್ರಾಂಗೆ ಸುಮಾರು 2,260 ಜೂಲ್ ಬೇಕು, ಹೆಚ್ಚಿನದೆಲ್ಲ ಅಣುಗಳನ್ನು ಬಿಡಿಸುವುದಕ್ಕೇ ಖರ್ಚು. ಅಟ್ಟಿನಳಗೆಯ (ಹಬೆಯಲ್ಲಿ ಬೇಯಿಸುವ ಪಾತ್ರೆಯ) ಹಬೆ ಬಿಸಿನೀರಿಗಿಂತ ಜೋರಾಗಿ ಸುಡುವುದೂ ಇದಕ್ಕೇ ಅಂದಾಗ ಅರ್ಥವಾಯಿತು. ಆದರೆ ಕಣ್ಣಾರೆ ತೋರಿಸಬೇಕು. ಜ್ವರದ ಥರ್ಮಾಮೀಟರ್ 42 ಡಿಗ್ರಿಗೇ ಮುಗಿಯುತ್ತದೆ. 110 ಡಿಗ್ರಿವರೆಗಿನ ಲ್ಯಾಬ್ ಥರ್ಮಾಮೀಟರ್ ಕಾಸರಗೋಡಲ್ಲೋ ಮಂಗಳೂರಲ್ಲೋ ಎಲ್ಲಿ ಸಿಗುತ್ತದೆ? ಐಸ್ ಪೂರ್ತಿ ಕರಗುವವರೆಗೆ ಸೊನ್ನೆಯಲ್ಲೇ ನಿಲ್ಲುವುದನ್ನು ತೋರಿಸಿದವರಿದ್ದರೆ ಹೇಗೆ ಮಾಡಿದಿರಿ ಹೇಳಿ. ಕನ್ನಡದ ವಿಡಿಯೋ ಇದ್ದರೆ ದಯವಿಟ್ಟು ಹಾಕಿ.