ಮನೆಯಲ್ಲಿ ಕಲಸಿದ ವೇಪ್ (ಇ-ಸಿಗರೇಟ್) ದ್ರವ ಕಂದು ಬಣ್ಣಕ್ಕೆ ತಿರುಗಿದೆ, ಗಂಟಲು ಉರಿಯುತ್ತಿದೆ: ಎಲ್ಲಿ ತಪ್ಪಿದ್ದೇನೆ?

ಬೆಣ್ಣೆನಗರಿ (ರೀಡಿಂಗ್, ಇಂಗ್ಲೆಂಡ್):

ದಾವಣಗೆರೆಯವನು. ಹದಿನೆಂಟು ವರ್ಷ ಸಿಗರೇಟು ಸೇದಿದ್ದೇನೆ. ಕಳೆದ ಯುಗಾದಿಯಿಂದ ಅದನ್ನು ಮುಟ್ಟಿಲ್ಲ, ವೇಪ್ ಹಿಡಿದು ದಿನ ತಳ್ಳುತ್ತಿದ್ದೇನೆ. 2026ರ ಅಕ್ಟೋಬರ್ 1ರಿಂದ ಇಲ್ಲಿ 10 ಮಿಲಿ ದ್ರವಕ್ಕೆ 2.20 ಪೌಂಡ್ ತೆರಿಗೆ ಎಂದು ಘೋಷಣೆಯಾದ ದಿನವೇ, ಇದನ್ನು ಮನೆಯಲ್ಲೇ ಕಲಸುವುದನ್ನು ಕಲಿತುಬಿಡಬೇಕು ಎಂದುಕೊಂಡೆ. ಅಮ್ಮ ಉಪ್ಪಿನಕಾಯಿ ಹಾಕುವುದನ್ನು ನೋಡಿ ಬೆಳೆದವನಿಗೆ ಇದೇನು ಮಹಾ ಎಂಬ ಜಂಬವೂ ಇತ್ತು.

ಮಾಡಿದ್ದು ಇಷ್ಟು. ಮಿಲಿಗೆ 18 ಮಿಲಿಗ್ರಾಂ ಶಕ್ತಿಯ, 10 ಮಿಲಿಯ ಎಂಟು ನಿಕೋಟಿನ್ ಶಾಟ್‌ಗಳನ್ನು (ದ್ರವಕ್ಕೆ ಬೆರೆಸುವ ನಿಕೋಟಿನ್‌ನ ಪುಟ್ಟ ಬಾಟಲಿಗಳು) ತಂದೆ. ಪ್ರತಿ ಸಲ ಆ ಪುಟ್ಟ ಬಾಟಲಿಯ ಮುಚ್ಚಳದ ಜೊತೆ ಗುದ್ದಾಡುವುದು ಬೇಡವೆಂದು ಎಲ್ಲವನ್ನೂ ತೊಳೆದ ಜಾಮ್ ಬಾಟಲಿಗೆ ಸುರಿದು, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕೆಳಗೆ ರೇಡಿಯೇಟರ್ ಇದೆ. 10 ಮಿಲಿ ಸಿರಿಂಜ್‌ನಲ್ಲಿ ವಿಜಿ (ಸಸ್ಯಜನ್ಯ ಗ್ಲಿಸರಿನ್), ಪಿಜಿ (ಪ್ರೊಪಿಲೀನ್ ಗ್ಲೈಕಾಲ್) ಎಳೆದೆಳೆದು 100 ಮಿಲಿ ಮಾಡಿದೆ. ಅದರಲ್ಲಿ ನಿಕೋಟಿನ್ 20 ಮಿಲಿ. ಪರಿಮಳಕ್ಕೆ ವೆನಿಲಾ ಸಾರ ಹಾಕಿದೆ. ಅಂಗಡಿಯವರು ಯಾರೂ ಮಾಡದ ಬಾದಾಮಿ ಹಾಲಿನ ರುಚಿ ಬರಲಿ ಎಂದು, ಭಾರತೀಯ ದಿನಸಿ ಅಂಗಡಿಯಲ್ಲಿ ಸಿಕ್ಕ ಏಲಕ್ಕಿ ಎಣ್ಣೆಯನ್ನೂ ಎಂಟು ಹನಿ ಬಿಟ್ಟೆ.

ಒಂದು ತಿಂಗಳಾಗಿದೆ. ದ್ರವ ಚಹಾದ ಬಣ್ಣಕ್ಕೆ ಬಂದಿದೆ. ಮೊದಲ ಟ್ಯಾಂಕಿನಲ್ಲಿ (ವೇಪ್‌ನಲ್ಲಿ ದ್ರವ ತುಂಬುವ ಡಬ್ಬಿ) ತಲೆ ತಿರುಗಿತು, ಎರಡನೆಯದರಲ್ಲಿ ಏನೂ ಇಲ್ಲ, ಈಗ ಗಂಟಲಿನಲ್ಲಿ ಕಾಳುಮೆಣಸು ಅರೆದಂತಾಗುತ್ತದೆ. ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ? ಮೊಸರಿನ ಪಕ್ಕದಲ್ಲಿ ಮಾತ್ರ ಬೇಡ ಎಂದು ಹೆಂಡತಿಯ ಆಜ್ಞೆಯಾಗಿದೆ. ಇನ್ನೊಂದು ಮಾತು: ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಒಂದು ಬಾಟಲಿ ಒಯ್ಯಬಹುದೇ?

ಕೆಂಪುಬಸ್ಸು (ಕ್ರಾಯ್ಡನ್):

ನನ್ನದೂ ಕಂದೇ ಆಗುತ್ತದೆ, ನಾನಿನ್ನೂ ಬದುಕಿದ್ದೇನೆ. ವೆನಿಲಾ ಹಾಕಿದರೆ ಬಣ್ಣ ಬರುವುದು ಸಹಜ. ಚೆನ್ನಾಗಿ ಕುಲುಕಿ, ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು ಸೇದಿ.

ಶಿರಸಿಯವ (ಲೀಡ್ಸ್):

ಬೆಣ್ಣೆನಗರಿಯವರೇ, ಸೇದಬೇಡಿ. ಮೊದಲು ಆ ಬಾಟಲಿಯನ್ನು ಬೆಳಕಿಗೆ ಹಿಡಿದು ಮೇಲ್ಭಾಗವನ್ನು ನೋಡಿ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹೊಳೆಯುವ ಹಾಗೆ ಚಿಕ್ಕ ಚಿಕ್ಕ ಬಳೆಗಳು ತೇಲುತ್ತಿವೆಯೇ? ಅದು ನಿಮ್ಮ ಏಲಕ್ಕಿ. ಬಣ್ಣ, ಗಂಟಲುರಿ ಎಲ್ಲಾ ಆಮೇಲೆ. ಈ ಎಣ್ಣೆಯೊಂದೇ ಸಾಕು ಇಡೀ ಬಾಟಲಿಯನ್ನು ಎಸೆಯಲು. ಹೊಟ್ಟೆಗೆ ಹೋದ ಎಣ್ಣೆ ಜೀರ್ಣವಾಗುತ್ತದೆ. ಶ್ವಾಸಕೋಶಕ್ಕೆ ಆ ವ್ಯವಸ್ಥೆ ಇಲ್ಲ. ಅಲ್ಲಿಗೆ ಇಳಿದ ಎಣ್ಣೆ ನ್ಯುಮೋನಿಯಾದಂಥ ಉರಿಯೂತ ತರುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದ್ದು ನೆನಪಿರಬಹುದು. 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ, ಅವರಲ್ಲಿ 68 ಸಾವು. ಹೆಚ್ಚಿನವರು ಸೇದಿದ್ದು ಗಾಂಜಾದ ಸಾರವಿದ್ದ ಕಳ್ಳ ಸರಕು, ಅದನ್ನು ದಪ್ಪ ಮಾಡಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಆರೋಪಿ. ಅದೂ ಎಣ್ಣೆಯ ಜಾತಿಯದೇ. ಚರ್ಮಕ್ಕೆ ಹಚ್ಚಲು ಒಳ್ಳೆಯದು, ಮಾತ್ರೆಯಾಗಿ ನುಂಗಲು ಒಳ್ಳೆಯದು, ಉಸಿರಿಗೆ ವಿಷ.

ಅಡುಗೆಯ ಸಾರಗಳಲ್ಲಿ ಇದೇ ಮೋಸ. ‘ತಿನ್ನಲು ಯೋಗ್ಯ’ ಎಂದು ಬರೆದಿದ್ದರೆ ಅದು ನಾಲಿಗೆಗೆ ಸಿಕ್ಕ ಅನುಮತಿ, ಅಷ್ಟೇ. ಪಿಜಿಯಲ್ಲಿ ಕರಗಿಸಿ ವೇಪ್‌ಗೆಂದೇ ಮಾಡಿದ ಸಾರವನ್ನು ಮಾತ್ರ ಕೊಳ್ಳಿ. ಬೆಣ್ಣೆಯ ಊರಿನವರು ನೀವು, ಹಾಗಾಗಿ ಇನ್ನೊಂದು ಕಿವಿಮಾತು. ಬೆಣ್ಣೆ, ಕಸ್ಟರ್ಡ್, ಕೆನೆಯ ಪರಿಮಳ ಕೊಡುವ ಡೈಅಸಿಟೈಲ್ ಇಲ್ಲದ್ದನ್ನು ಆರಿಸಿ. 2000ದಲ್ಲಿ ಅಮೆರಿಕದ ಮಿಸೌರಿಯಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಾಜಿ ಕೆಲಸಗಾರರ ಶ್ವಾಸನಾಳಗಳು ಗಾಯಕಟ್ಟಿ ಕಿರಿದಾಗಿದ್ದು ಬೆಳಕಿಗೆ ಬಂತು. ಅವರು ದಿನವಿಡೀ ಉಸಿರಾಡಿದ್ದು ಬೆಣ್ಣೆಯ ಘಮವನ್ನೇ.

ಇನ್ನು ಬಣ್ಣ. ಕೆಂಪುಬಸ್ಸಿನವರು ಹೇಳಿದ್ದು ಅರ್ಧ ನಿಜ: ವೆನಿಲಾದಿಂದ ದ್ರವ ಕಂದಾಗುತ್ತದೆ, ಆ ಬಣ್ಣವೊಂದೇ ಕೆಟ್ಟದ್ದರ ಗುರುತಲ್ಲ. ಆದರೆ ನಿಕೋಟಿನ್ ಗಾಳಿ, ಬೆಳಕು, ಬಿಸಿಗೆ ಸಿಕ್ಕಿ ಆಕ್ಸಿಡೀಕರಣಗೊಂಡರೂ ಕಂದಾಗುತ್ತದೆ. ಯಾವುದು ಯಾವುದೆಂದು ತಿಳಿಯಲು ಕಲಸಿದ್ದನ್ನು ನೋಡಬೇಡಿ, ಜಾಮ್ ಬಾಟಲಿಯಲ್ಲಿ ಉಳಿದ ಬರೀ ನಿಕೋಟಿನ್ ಅನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಅದಕ್ಕೇ ಬಣ್ಣ ಬಂದಿದ್ದರೆ, ಮೀನಿನ ಅಥವಾ ಮೆಣಸಿನ ವಾಸನೆ ಇದ್ದರೆ, ಆ ಸರಕು ಕೆಟ್ಟಿದೆ. ಪಾರದರ್ಶಕ ಗಾಜು, ಅರ್ಧ ಖಾಲಿ ಬಾಟಲಿ, ಮೇಲೆ ಬಿಸಿಲು, ಕೆಳಗೆ ರೇಡಿಯೇಟರ್: ಹಾಳು ಮಾಡಲೆಂದೇ ಹೊರಟಿದ್ದರೂ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಇಲ್ಲಿ ನಿಕೋಟಿನ್ ದ್ರವವನ್ನು ನಮಗೆ 10 ಮಿಲಿಗಿಂತ ದೊಡ್ಡ ಬಾಟಲಿಯಲ್ಲಾಗಲಿ, ಮಿಲಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಶಕ್ತಿಯಲ್ಲಾಗಲಿ ಮಾರುವಂತಿಲ್ಲ. ನಾನೂ ಮೊದಮೊದಲು ಅದಕ್ಕೆ ಬೈದವನೇ. ಈಗ ಅನ್ನಿಸುವುದು, ಆ ಪುಟ್ಟ ಬಾಟಲಿಯೇ ಅತ್ಯುತ್ತಮ ಉಗ್ರಾಣ. ಸೀಲ್ ಒಡೆಯುವ ತನಕ ಗಾಳಿ ಸೋಕುವುದಿಲ್ಲ, ಮಗು ತೆರೆಯಲಾಗದ ಮುಚ್ಚಳವೂ ಇದೆ. ಒಮ್ಮೆ ಒಡೆದದ್ದನ್ನು ಆಗಲೇ ಪೂರ್ತಿ ಬಳಸಿ. ಉಳಿದವು ಕತ್ತಲಿನ, ತಂಪಾದ ಕಪಾಟಿನಲ್ಲಿರಲಿ. ಫ್ರಿಜ್ ಒಳ್ಳೆಯದೇ, ಆದರೆ ಕೆಟ್ಟದ್ದನ್ನು ಅದು ಒಳ್ಳೆಯದು ಮಾಡುವುದಿಲ್ಲ. ಹುಳಿ ಬಂದ ಹಿಟ್ಟನ್ನು ಫ್ರಿಜ್‌ಗೆ ಸೇರಿಸಿದರೆ ಹುಳಿ ಇಳಿಯುತ್ತದೆಯೇ?

ಮೊದಲ ಟ್ಯಾಂಕ್ ತಲೆ ತಿರುಗಿಸಿ ಎರಡನೆಯದು ಸಪ್ಪೆಯಾಗಿದ್ದೇಕೆ? ವಿಜಿ ನಮ್ಮ ಕಡೆಯ ಜೋನಿಬೆಲ್ಲದಂತೆ. ಸಿರಿಂಜ್‌ನಲ್ಲಿ ಎಳೆದರೆ ಗುಳ್ಳೆಯೂ ಬರುತ್ತದೆ. ಹತ್ತು ಎಂದುಕೊಂಡದ್ದು ಒಂಬತ್ತೇ ಆಗಿರುತ್ತದೆ. ಕುಲುಕದೇ ಬಿಟ್ಟರೆ ಭಾರವಾದ ವಿಜಿ ತಳದಲ್ಲಿ, ತೆಳುವಾದದ್ದು ಮೇಲೆ. ನಿಮ್ಮ ಮೊದಲ ಟ್ಯಾಂಕಿಗೆ ಮೇಲಿನ ನಿಕೋಟಿನ್ ಹೆಚ್ಚಾಗಿ ಬಿದ್ದಿದೆ.

ನಾನು ಬಣ್ಣದ ಕಾರ್ಖಾನೆಯಲ್ಲಿ ಛಾಯೆ ಹೊಂದಿಸುವವನು. ಅಲ್ಲಿ ಯಾರೂ ಅಳೆಯುವುದಿಲ್ಲ, ತೂಗುತ್ತಾರೆ. 0.01 ಗ್ರಾಂ ತೋರಿಸುವ ತಕ್ಕಡಿ ಕೊಳ್ಳಿ. ಒಂದು ಮಿಲಿ ವಿಜಿ 1.26 ಗ್ರಾಂ, ಒಂದು ಮಿಲಿ ಪಿಜಿ 1.036 ಗ್ರಾಂ. 60 ಮಿಲಿಗೆ ನನ್ನ ಲೆಕ್ಕ ಹೀಗೆ: ಖಾಲಿ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಪರಿಮಳದ ಸಾರ 5 ಗ್ರಾಂ. ಮತ್ತೆ ಸೊನ್ನೆ, ಪಿಜಿ 8.5 ಗ್ರಾಂ. ಮತ್ತೆ ಸೊನ್ನೆ, ವಿಜಿ 46.6 ಗ್ರಾಂ. ಇಲ್ಲಿ ನಿಲ್ಲಿಸಿ, ಬಿಸಿನೀರಿನಲ್ಲಿ ಇಡುವುದಿದ್ದರೆ ಈಗ ಇಟ್ಟು, ತೋಳು ನೋಯುವಷ್ಟು ಕುಲುಕಿ. ಪೂರ್ತಿ ತಣ್ಣಗಾದ ಮೇಲೆ 18ರ ಒಂದು ಶಾಟ್ ಸುರಿದು ಮತ್ತೆ ಕುಲುಕಿ. ಶಾಟ್ ಅರ್ಧ ಪಿಜಿ ಅರ್ಧ ವಿಜಿಯದಾದರೆ ಅದು ಸುಮಾರು 11.5 ಗ್ರಾಂ ತೂಗುತ್ತದೆ. ಒಳಗೆ 180 ಮಿಲಿಗ್ರಾಂ ನಿಕೋಟಿನ್, 60 ಮಿಲಿಯಲ್ಲಿ ಹರಡಿದರೆ ಮಿಲಿಗೆ ಸರಿಯಾಗಿ 3. ಒಟ್ಟಾರೆ ವಿಜಿ 70, ಪಿಜಿ 30. ನಿಕೋಟಿನ್ ಬಿದ್ದ ಮೇಲೆ ಬಿಸಿ ಮಾಡಬಾರದು, ಕೆಂಪುಬಸ್ಸಿನವರ ಸಲಹೆ ತಪ್ಪುವುದು ಇಲ್ಲೇ.

ಹಣ್ಣಿನ ರುಚಿ ಎರಡು ಮೂರು ದಿನದಲ್ಲಿ ಸಿದ್ಧ. ವೆನಿಲಾ, ಕಾಫಿ ಎರಡು ಮೂರು ವಾರ ಕತ್ತಲಲ್ಲಿ ಕೂರಬೇಕು. ಕೈಗೆ ನೈಟ್ರೈಲ್ ಗವಸು ಇರಲಿ, ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಪಿಜಿ, ವಿಜಿ ಔಷಧ ದರ್ಜೆಯವೇ ಆಗಿರಲಿ. 1986ರಲ್ಲಿ ಮುಂಬಯಿಯಲ್ಲಿ ಡೈಇಥೈಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್ ಕುಡಿದು 14 ರೋಗಿಗಳು ಸತ್ತಿದ್ದರು. ಅಗ್ಗದ ಡಬ್ಬಿ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಊರಿಗೆ ಒಯ್ಯುವ ಯೋಚನೆ ಬಿಡಿ. ಕರ್ನಾಟಕದಲ್ಲಿ 2016ರಲ್ಲೇ ವೇಪ್ ಮಾರಾಟಕ್ಕೆ ನಿಷೇಧ ಬಂತು, 2019ರ ಕೇಂದ್ರದ ಕಾಯ್ದೆ ಆಮದನ್ನೂ ಸೇರಿಸಿತು. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎರಡುಮಕ್ಕಳತಾಯಿ (ಕವೆಂಟ್ರಿ):

ನಾನು ನರ್ಸ್. ನೀವಿಬ್ಬರೂ ರುಚಿ, ಬಣ್ಣ, ತೂಕ ಎಲ್ಲ ಮಾತನಾಡಿದಿರಿ. ಜಾಮ್ ಬಾಟಲಿಯ ಮಾತನ್ನು ಹಾಗೆಯೇ ದಾಟಿಬಿಟ್ಟಿರಿ. ಎಂಟು ಶಾಟ್ ಎಂದರೆ 1,440 ಮಿಲಿಗ್ರಾಂ ನಿಕೋಟಿನ್, ಅಡುಗೆಮನೆಯಲ್ಲಿ, ಮಕ್ಕಳಿಗೆ ಗುರುತಿರುವ ಬಾಟಲಿಯಲ್ಲಿ! ಕಲಸಿದ್ದಕ್ಕೆ ಬಾದಾಮಿ ಹಾಲಿನ ಘಮ ಬೇರೆ. ನನ್ನ ಮೂರು ವರ್ಷದ ಮಗಳು ಘಮ ಬಂದ ಕಡೆಗೆಲ್ಲ ಬಾಯಿ ಹಾಕುವವಳು. ಮಗು ಇದನ್ನು ಕುಡಿದರೆ ವಾಂತಿ, ಬೆವರು, ಆಮೇಲೆ ಫಿಟ್ಸ್. ಕಾದು ನೋಡುವಂತಿಲ್ಲ, ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕು. ಫ್ರಿಜ್ ಬೇಡವೇ ಬೇಡ. ಬೀಗವಿರುವ ತಗಡಿನ ಪೆಟ್ಟಿಗೆ, ಎತ್ತರದ ಕಪಾಟು, ಪ್ರತಿ ಬಾಟಲಿಯ ಮೇಲೂ ‘ವಿಷ’ ಎಂಬ ಚೀಟಿ ಮತ್ತು ಕಲಸಿದ ದಿನಾಂಕ. ನಿಮ್ಮ ಮನೆಯವರ ಮೊಸರಿನ ಆಜ್ಞೆ ನಿಮ್ಮಿಬ್ಬರ ರಸಾಯನಶಾಸ್ತ್ರಕ್ಕಿಂತ ಮೇಲು.

ಸಿಗರೇಟಿಗಿಂತ ಇದು ವಾಸಿ ಎಂಬುದನ್ನು ಒಪ್ಪುತ್ತೇನೆ, ನಮ್ಮ ಆಸ್ಪತ್ರೆಯಲ್ಲೂ ಹಾಗೆಯೇ ಹೇಳುತ್ತೇವೆ. ಆದರೆ ಮಿಲಿಗೆ 3 ಮಿಲಿಗ್ರಾಂ ನಿಕೋಟಿನ್‌ನಿಂದ ಮುಂದಿನ ವರ್ಷ ಎಷ್ಟಕ್ಕೆ ಇಳಿಸುತ್ತೀರಿ ಎಂಬ ಲೆಕ್ಕವನ್ನೂ ಆ ತಕ್ಕಡಿಯ ಪಕ್ಕದಲ್ಲಿ ಬರೆದಿಡಿ.

ಬೆಣ್ಣೆನಗರಿ (ರೀಡಿಂಗ್, ಇಂಗ್ಲೆಂಡ್):

ಬೆಳಕಿಗೆ ಹಿಡಿದು ನೋಡಿದೆ. ಬಳೆಗಳು ಇದ್ದವು, ಎಣಿಸುವಷ್ಟು ಸ್ಪಷ್ಟವಾಗಿ. ಒಂದು ತಿಂಗಳು ಅದನ್ನೇ ಎಳೆದುಕೊಂಡೆನಲ್ಲ ಎಂದು ನೆನೆದು ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ವೈದ್ಯರ ಬಳಿಗೆ ಹೋಗಿ ಮುಚ್ಚುಮರೆಯಿಲ್ಲದೆ ಹೇಳಿದೆ. ಎದೆಗೆ ಕಿವಿಗೊಟ್ಟು ಕೇಳಿದರು, ಎಕ್ಸ್‌ರೇ ಬರೆದುಕೊಟ್ಟರು, ಅದು ಸ್ವಚ್ಛವಾಗಿ ಬಂತು. ಜಾಮ್ ಬಾಟಲಿಯ ನಿಕೋಟಿನ್ ಬಿಳಿ ಕಾಗದದ ಮುಂದೆ ಜೇನಿನ ಬಣ್ಣ ತೋರಿಸಿತು. ಎರಡನ್ನೂ ಮುಚ್ಚಳ ಬಿಗಿದು ಪುರಸಭೆಯ ಅಪಾಯಕಾರಿ ತ್ಯಾಜ್ಯದ ಕಟ್ಟೆಗೆ ಕೊಟ್ಟು ಬಂದೆ.

ತಕ್ಕಡಿ ಬಂದಿದೆ. ಬೀಗದ ಪೆಟ್ಟಿಗೆಯೂ ಬಂದಿದೆ, ಕೀಲಿ ಹೆಂಡತಿಯ ಬಳಿ. ಮೊದಲ 60 ಮಿಲಿ, ಬರೀ ಮಾವಿನಹಣ್ಣಿನದು, ಮೂರು ದಿನದ ಹಿಂದೆ ಕಲಸಿದೆ, ಸಿರಿಂಜ್ ಮುಟ್ಟಲಿಲ್ಲ. ಶಾಟ್ ಸುರಿದಾಗ ತಕ್ಕಡಿ 11.4 ತೋರಿಸಿತು. ಬಾಟಲಿಯ ಗೋಡೆಗೆ ಅಂಟಿ ಉಳಿದ ಹನಿಯೂ ಲೆಕ್ಕಕ್ಕೆ ಬರುವುದನ್ನು ಕಣ್ಣಾರೆ ಕಂಡೆ. ಗಂಟಲು ಉರಿಯಲಿಲ್ಲ.

ಡಿಸೆಂಬರ್‌ನ ಮೂರು ವಾರಕ್ಕೆ 2 ಮಿಲಿಗ್ರಾಂ ನಿಕೋಟಿನ್ ಚೂಯಿಂಗ್ ಗಮ್ ಸಾಕೆಂದು ತೀರ್ಮಾನಿಸಿದ್ದೇನೆ, ದಾವಣಗೆರೆಯ ಔಷಧದ ಅಂಗಡಿಯಲ್ಲೇ ಸಿಗುತ್ತದೆ. ಏಲಕ್ಕಿ ಎಣ್ಣೆಯಲ್ಲಿ ಮುಕ್ಕಾಲು ಬಾಟಲಿ ಉಳಿದಿತ್ತು. ನಿನ್ನೆ ಭಾನುವಾರ ಕೇಸರಿಬಾತಿಗೆ ಎರಡು ಹನಿ ಬಿತ್ತು.