ಜುವಾರಿ ದಂಡೆಯಲ್ಲಿ ಚೊಣಕ್ ಹಿಡಿಯಲು ಯಾವ ಲ್ಯೂರ್, ಯಾವ ದಾರ, ಯಾವ ರಾಡ್?

ಪ್ರಶ್ನೆ — ವರದಾತೀರ (ವಾಸ್ಕೋ)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು, ನೌಕರಿಯ ನಿಮಿತ್ತ ವಾಸ್ಕೋದಲ್ಲಿದ್ದೇನೆ. ವರದಾ ನದಿಯಲ್ಲಿ ಬಿದಿರಿನ ಕೋಲಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಗಾಳ ಹಾಕಿದ ಅಭ್ಯಾಸವಿದೆ. ಲ್ಯೂರ್ (ಕೃತಕ ಎರೆ) ಎಸೆದು ಮೀನು ಹಿಡಿಯುವ ವಿದ್ಯೆ ಮಾತ್ರ ನನಗೆ ಪೂರ್ತಿ ಹೊಸದು. ಕುಠ್ಠಾಳಿ, ಸಾಂಕವಾಳದ ಕಡೆ ಗೋವಾದ ಜುವಾರಿ ನದಿಯ ದಂಡೆಯಲ್ಲಿಯೂ ಕುಂಭಾರಜುವೆ ಕಾಲುವೆಯ ಅಂಚಿನಲ್ಲಿಯೂ ಸ್ಥಳೀಯರು ಚೊಣಕ್ ಮೀನು ಹಿಡಿಯುವುದನ್ನು ನೋಡಿದಾಗಿನಿಂದ ನಾನೂ ಕಲಿಯಬೇಕೆಂಬ ಆಸೆ ಬಲವಾಗಿದೆ.

ಬಾಸ್ ಮೀನುಗಾರಿಕೆಯ ಬಗ್ಗೆ ಅಮೆರಿಕದವರು ಮಾಡಿದ ವಿಡಿಯೊಗಳನ್ನು ಸಾಕಷ್ಟು ನೋಡಿದ್ದೇನೆ. ಆರೂವರೆ ಅಡಿಯ ಮೀಡಿಯಂ ರಾಡ್, 10 ಪೌಂಡಿನ ಫ್ಲೋರೋಕಾರ್ಬನ್ ದಾರ ಮತ್ತು ಹುಳುವಿನ ಆಕಾರದ ಮೆತ್ತನೆಯ ಪ್ಲಾಸ್ಟಿಕ್ ಲ್ಯೂರ್ ಇದ್ದರೆ ಆರಂಭಕ್ಕೆ ಸಾಕು ಎಂದು ಅವರಲ್ಲಿ ಹಲವರು ಹೇಳುತ್ತಾರೆ. ಇಲ್ಲಿಯ ಅಂಗಡಿಯಲ್ಲಿ ವಿಚಾರಿಸಿದರೆ ಒಂಬತ್ತು ಅಡಿಗಿಂತ ಕಡಿಮೆ ರಾಡ್ ಕೊಳ್ಳಲೇಬೇಡಿ ಎಂದರು. ರಾಡ್, ರೀಲ್, ದಾರ ಮತ್ತು ಕೆಲವು ಲ್ಯೂರ್‌ಗಳು ಎಲ್ಲ ಸೇರಿ 10,000 ರೂಪಾಯಿಯೊಳಗೆ ಮುಗಿಯಬೇಕು. ಹೆಚ್ಚಾಗಿ ದಂಡೆಯ ಮೇಲೆ ನಿಂತು ಎಸೆಯುತ್ತೇನೆ, ಅಪರೂಪಕ್ಕೆ ಸ್ನೇಹಿತರ ದೋಣಿಯಲ್ಲಿ ಹೋಗುತ್ತೇನೆ. ಒಂದೇ ಒಂದು ಸೆಟ್ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು, ಏಕೆ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ — ಕಾಳಿ ಅಳಿವೆ (ಪಣಜಿ)

ವರದಾತೀರ ಅವರೇ, ಅಮೆರಿಕದವರ ಲಾರ್ಜ್‌ಮೌತ್ ಬಾಸ್ ಕೆರೆ, ಜಲಾಶಯಗಳ ಸಿಹಿನೀರಿನ ಮೀನು. ನಮ್ಮ ಚೊಣಕ್ ಬೇರೆಯದೇ ಕುಟುಂಬಕ್ಕೆ ಸೇರಿದ್ದು. ಏಷ್ಯನ್ ಸೀ ಬಾಸ್ ಎಂದೂ ಬಾರಮುಂಡಿ ಎಂದೂ ಅದನ್ನು ಕರೆಯುತ್ತಾರೆ. ಎರಡೂ ಮರೆಯಲ್ಲಿ ಹೊಂಚು ಹಾಕಿ ನಿಂತು, ಬಾಯನ್ನು ಥಟ್ಟನೆ ತೆರೆದು ನೀರಿನ ಸಮೇತ ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆಯಾದ್ದರಿಂದ, ಲ್ಯೂರನ್ನು ಆಡಿಸುವ ಬಗೆಯನ್ನು ಆ ವಿಡಿಯೊಗಳಿಂದ ಧಾರಾಳವಾಗಿ ಕಲಿಯಬಹುದು. ಸಲಕರಣೆಯ ಬಲವನ್ನು ಮಾತ್ರ ಅಲ್ಲಿಂದ ತರಬೇಡಿ. ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆಯೇ ಸುಮಾರು 10 ಕಿಲೋ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ ಆ ಮೀನನ್ನು 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿಟಾ ಸರಿಗಟ್ಟಿದರು. ಚೊಣಕ್ ಆ ತೂಕವನ್ನು ದಾಟಿ ಎಷ್ಟೋ ದೊಡ್ಡದಾಗಿ ಬೆಳೆಯುತ್ತದೆ. ಅದೂ ಅಲ್ಲದೆ ಅದು ಓಡಿ ಸೇರುವುದು ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ, ಇಲ್ಲವೇ ಸಿಂಪಿ ಮೆತ್ತಿಕೊಂಡ ಕಲ್ಲುಗಳ ಸಂದಿಗೆ.

ರಾಡ್‌ನಿಂದ ಯೋಚನೆ ಆರಂಭಿಸಬೇಡಿ ಎಂಬುದೇ ನನ್ನ ಮೊದಲ ಸಲಹೆ. ಮೀನಿನ ಬಾಯಿಂದ ಆರಂಭಿಸಿ ಕೈಯ ಕಡೆಗೆ ಬನ್ನಿ: ಮೊದಲು ಗಾಳದ ಮುಳ್ಳು, ಆಮೇಲೆ ಲೀಡರ್ (ಮುಖ್ಯ ದಾರಕ್ಕೂ ಲ್ಯೂರಿಗೂ ನಡುವಿನ ತುಂಡು ದಾರ), ಆಮೇಲೆ ಮುಖ್ಯ ದಾರ, ಎಲ್ಲಕ್ಕಿಂತ ಕೊನೆಗೆ ರಾಡ್. ಅಂಗಡಿಯಲ್ಲಿ ನಡೆಯುವುದು ಇದರ ತದ್ವಿರುದ್ಧ. ಬಜೆಟ್ಟಿನ ಬಹುಪಾಲು ರಾಡ್‌ಗೆ ಹೋಗಿ, ಮೀನನ್ನು ನಿಜವಾಗಿ ಹಿಡಿದುಕೊಳ್ಳಬೇಕಾದ ಮುಳ್ಳಿಗೆ ಚಿಲ್ಲರೆ ಉಳಿಯುತ್ತದೆ.

ಸಿಹಿನೀರಿಗೆಂದು ತಯಾರಾದ ಎಷ್ಟೋ ಲ್ಯೂರ್‌ಗಳಲ್ಲಿ ತೆಳುವಾದ ಮೂರು ಮುಳ್ಳಿನ ಗಾಳಗಳಿರುತ್ತವೆ. ಚೊಣಕ್ ಅವುಗಳನ್ನು ನೆಟ್ಟಗೆ ಮಾಡಿಬಿಡುತ್ತದೆ, ಉಪ್ಪುನೀರು ಕೆಲವೇ ದಿನಗಳಲ್ಲಿ ತುಕ್ಕು ಹಿಡಿಸುತ್ತದೆ. ಆದ್ದರಿಂದ ಲ್ಯೂರ್ ಕೊಂಡಾಗಲೇ ಉಪ್ಪುನೀರಿಗೆ ಹೊಂದುವ ದಪ್ಪ ಗಾಳಗಳನ್ನೂ ಗಟ್ಟಿಯಾದ ಸ್ಪ್ಲಿಟ್ ರಿಂಗ್‌ಗಳನ್ನೂ ಕೊಂಡು ಬದಲಾಯಿಸಿ. ಹೀಗೆ ಬದಲಾಯಿಸಿದಾಗ ತೂಕ ಹೆಚ್ಚುವುದರಿಂದ ತೇಲುವ ಲ್ಯೂರ್ ನೀರಿನ ನಡುವೆ ನಿಲ್ಲತೊಡಗಬಹುದು, ನಿಲ್ಲುವಂಥದ್ದು ನಿಧಾನವಾಗಿ ಮುಳುಗಬಹುದು. ನೀರಿನ ಉಪ್ಪಿನಿಂದಲೂ ಇದು ಬದಲಾಗುತ್ತದೆ: ಉಪ್ಪುನೀರಿಗೆ ಸಾಂದ್ರತೆ ಹೆಚ್ಚಾದ್ದರಿಂದ, ಮಳೆಗಾಲದಲ್ಲಿ ಜುವಾರಿಯ ನೀರು ಸಪ್ಪೆಯಾದಾಗ ನಡುನೀರಿನಲ್ಲಿ ನಿಲ್ಲುವ ಲ್ಯೂರೇ ಬೇಸಿಗೆಯಲ್ಲಿ ಮೆಲ್ಲಗೆ ಮೇಲೇಳುತ್ತದೆ. ದಂಡೆಯ ಪಕ್ಕದ ನೀರಿನಲ್ಲಿ ಬಿಟ್ಟು ನೋಡಿದ ನಂತರವೇ ದೂರ ಎಸೆಯಿರಿ.

ಚೊಣಕ್‌ಗೆ ಕತ್ತರಿಸುವ ಕೋರೆಹಲ್ಲುಗಳಿಲ್ಲ. ಆದರೆ ಬಾಯಿಯ ಅಂಚು ಅರದಷ್ಟು ಒರಟು, ಕಿವಿರು ಮುಚ್ಚಳದ ಅಂಚು ಬೆರಳನ್ನು ಸೀಳುವಷ್ಟು ಹರಿತ. ಬ್ರೇಡ್ (ಸಣ್ಣ ಎಳೆಗಳನ್ನು ಹೆಣೆದ) ದಾರವನ್ನು ನೇರವಾಗಿ ಲ್ಯೂರ್‌ಗೆ ಕಟ್ಟಿದರೆ ಮೀನು ತಲೆ ಕೊಡವಿದಾಗ ದಾರ ತುಂಡಾಗುತ್ತದೆ. ಅದಕ್ಕಾಗಿ ತುದಿಯಲ್ಲಿ ಸುಮಾರು ಒಂದು ಮೀಟರ್ ಉದ್ದದ 40 ಪೌಂಡಿನ ಲೀಡರ್ ಇರಲಿ. ಫ್ಲೋರೋಕಾರ್ಬನ್ ಬೆಳಕನ್ನು ಬಾಗಿಸುವ ಪ್ರಮಾಣ ನೀರಿಗೆ ಹತ್ತಿರವಾಗಿರುವುದರಿಂದ ಅದು ಮೀನಿನ ಕಣ್ಣಿಗೆ ಬೀಳುವುದು ಕಡಿಮೆ ಎನ್ನುತ್ತಾರೆ. ಜುವಾರಿಯ ಕಲಕು ನೀರಿನಲ್ಲಿ ಆ ಗುಣಕ್ಕೆ ಹೆಚ್ಚು ಬೆಲೆಯಿಲ್ಲ, ಸವೆತ ತಡೆಯುವ ದಪ್ಪಕ್ಕೆ ಬೆಲೆಯಿದೆ. ಗಟ್ಟಿಯಾದ ನೈಲಾನ್ ಲೀಡರ್ ಸಾಕು, ಹಣವೂ ಉಳಿಯುತ್ತದೆ. ಒಂದು ಮೀನು ಹಿಡಿದ ಮೇಲೆ ಲೀಡರ್‌ನ ಕೊನೆಯ ಗೇಣುದ್ದವನ್ನು ಉಗುರಿನ ಮೇಲೆ ಎಳೆದು ನೋಡಿ. ಬೆಳ್ಳಗೆ ತರಿತರಿಯಾದ ಕಲೆಗಳು ಸಿಕ್ಕರೆ ಅಷ್ಟು ಭಾಗವನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿ.

ಮುಖ್ಯ ದಾರಕ್ಕೆ ಪಿಇ 2 ದಪ್ಪದ, ಅಂದರೆ ಸುಮಾರು 0.235 ಮಿಲಿಮೀಟರ್ ವ್ಯಾಸದ ಬ್ರೇಡ್ 150 ಮೀಟರ್ ಕೊಳ್ಳಿ. ಪಿಇ ಸಂಖ್ಯೆ ದಪ್ಪವನ್ನು ಹೇಳುತ್ತದೆಯೇ ಹೊರತು ಬಲವನ್ನಲ್ಲ; ಒಳ್ಳೆಯ ತಯಾರಿಕೆಯಾದರೆ ಈ ದಪ್ಪಕ್ಕೆ 30 ಪೌಂಡಿನಷ್ಟು ಬಲ ಸಿಗುತ್ತದೆ. ಇಷ್ಟೇ ಬಲದ ನೈಲಾನ್ ದಾರ ಸುಮಾರು ಎರಡು ಪಟ್ಟು ದಪ್ಪವಾಗಿ ಲ್ಯೂರ್ ದೂರ ಹೋಗುವುದಿಲ್ಲ. ಅದು ಎಳೆದಾಗ ಹಿಗ್ಗುವುದರಿಂದ ದೂರದಲ್ಲಿ ಮೀನು ಮೂತಿ ತಾಗಿಸಿದ್ದು ಕೈಗೆ ತಿಳಿಯುವುದೂ ಕಷ್ಟ. ಇಷ್ಟೆಲ್ಲ ತೀರ್ಮಾನವಾದ ಮೇಲೆ ರಾಡ್ ತಾನಾಗಿಯೇ ಗೊತ್ತಾಗುತ್ತದೆ: ಏಳು ಅಡಿ ಉದ್ದ, ಮೀಡಿಯಂ ಹೆವಿ, 10ರಿಂದ 30 ಗ್ರಾಂ ಲ್ಯೂರ್ ಎಸೆಯಬಲ್ಲ, ತುದಿಯಲ್ಲಿ ಮಾತ್ರ ಬಾಗುವ ಫಾಸ್ಟ್ ಸ್ಪಿನ್ನಿಂಗ್ ರಾಡ್. ಜೊತೆಗೆ 4000 ಗಾತ್ರದ ರೀಲ್. ರಾಡ್‌ಗಿಂತ ರೀಲ್‌ಗೆ ಹೆಚ್ಚು ಹಣ ಹಾಕಿ, ಏಕೆಂದರೆ ಉಪ್ಪು ಮೊದಲು ತಿನ್ನುವುದು ಅದನ್ನೇ.

ಲ್ಯೂರ್ ಮೂರು ಬಗೆಯವು ಇದ್ದರೆ ವರ್ಷವಿಡೀ ಸಾಕು: ಒಂದರಿಂದ ಒಂದೂವರೆ ಮೀಟರ್ ಆಳಕ್ಕೆ ಇಳಿಯುವ, 90ರಿಂದ 110 ಮಿಲಿಮೀಟರಿನ ಗಟ್ಟಿ ಮಿನ್ನೋ (ಸಣ್ಣ ಮೀನಿನಾಕಾರದ ಲ್ಯೂರ್), ನಾಲ್ಕು ಇಂಚಿನ, ಬಾಲ ಅಲ್ಲಾಡುವ ಮೆತ್ತನೆಯ ಮೀನು ಮತ್ತು ಅದಕ್ಕೆ ಜಿಗ್ ಹೆಡ್ (ತಲೆಯಲ್ಲಿ ತೂಕವಿರುವ ಮುಳ್ಳು), ಮುಂಜಾವಿಗೂ ಮುಸ್ಸಂಜೆಗೂ ಮೇಲ್ಮೈಯಲ್ಲಿ ಓಡಾಡುವ ಒಂದು ಪೆನ್ಸಿಲ್ ಲ್ಯೂರ್. ಬಣ್ಣದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ನೀರು ತಿಳಿಯಾಗಿದ್ದರೆ ಬೆಳ್ಳಿ, ಕಲಕಾಗಿದ್ದರೆ ಚಿನ್ನದ ಬಣ್ಣ ಅಥವಾ ಕಡುಗಪ್ಪು. ಕಲಕು ನೀರಿನಲ್ಲಿ ಮೀನು ಕಣ್ಣಿಗಿಂತ ಮೈಪಕ್ಕದ ಸಂವೇದನಾ ರೇಖೆಯಿಂದ ಕಂಪನವನ್ನು ಗ್ರಹಿಸುತ್ತದೆಯಾದ್ದರಿಂದ ಲ್ಯೂರ್ ನಡುಗುವ ರೀತಿ ಮುಖ್ಯ.

ಇವೆಲ್ಲಕ್ಕಿಂತ ಹೆಚ್ಚು ಮೀನು ಕೊಡುವುದು ಭರತ ಇಳಿತಗಳ ತಿಳಿವಳಿಕೆ. ಇಳಿತದ ಕೊನೆಯ ಭಾಗದಲ್ಲಿ ಕಾಂಡ್ಲಾ ನಡುವಿನ ಸಣ್ಣ ತೋಡುಗಳಿಂದ ಸಿಗಡಿ, ಶೆವ್ಟೊ ಮೀನಿನ ಮರಿಗಳು ನೀರಿನೊಡನೆ ಹೊರಬರುತ್ತವೆ. ಚೊಣಕ್ ತೋಡಿನ ಬಾಯಲ್ಲಿ ಹರಿವಿಗೆ ಮುಖ ಮಾಡಿ ಕಾಯುತ್ತದೆ. ಲ್ಯೂರ್ ಹರಿವಿನ ಜೊತೆ ಅದರ ಮುಂದೆ ಹಾದುಬರುವಂತೆ ಎಸೆಯಿರಿ. ನಮ್ಮ ಉತ್ತರ ಕನ್ನಡದ ಗಜನಿಯಂತಹ ಖಜಾನ್ ಭೂಮಿಗಳ (ಉಪ್ಪುನೀರಿಗೆ ಒಡ್ಡು ಕಟ್ಟಿದ ತಗ್ಗು ಗದ್ದೆಗಳ) ತೂಬುಗಳಲ್ಲಿ, ಇಲ್ಲಿಯವರು ಮಾನಸ್ ಎನ್ನುವ ಜಾಗಗಳಲ್ಲಿ, ಚೊಣಕ್ ಚೆನ್ನಾಗಿ ಸೇರುತ್ತದೆ. ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಪಡೆದವರಿರುತ್ತಾರೆ, ಅವರನ್ನು ಕೇಳದೆ ಗಾಳ ಹಾಕಬಾರದು. ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ. ಸಿಕ್ಕಿಕೊಂಡ ಲ್ಯೂರ್ ಬಿಡಿಸಲು ಯಾವ ಕಾರಣಕ್ಕೂ ನೀರಿಗೆ ಇಳಿಯಬೇಡಿ.

ಉತ್ತರ — ಮುಠಾ ದಂಡೆ (ಪುಣೆ)

ಮೇಲಿನ ಉತ್ತರದ ಬಹುತೇಕ ಮಾತುಗಳಿಗೆ ನನ್ನ ಒಪ್ಪಿಗೆಯಿದೆ, ಫಾಸ್ಟ್ ರಾಡ್ ಎಂಬುದೊಂದನ್ನು ಬಿಟ್ಟು. ಅದನ್ನು ಹೇಳುವ ಮೊದಲು ಹೊಸಬರು ಬೆರೆಸಿಬಿಡುವ ಎರಡು ಗುಣಗಳನ್ನು ಬೇರ್ಪಡಿಸಬೇಕು. ಮೀಡಿಯಂ, ಹೆವಿ ಎನ್ನುವುದು ರಾಡ್ ಬಗ್ಗಿಸಲು ಎಷ್ಟು ಬಲ ಬೇಕೆಂಬುದರ ಸೂಚನೆ. ಫಾಸ್ಟ್, ಮಾಡರೇಟ್ ಎನ್ನುವುದು ಅದು ಎಲ್ಲಿಂದ ಬಾಗುತ್ತದೆ ಎಂಬುದರ ಸೂಚನೆ. ಒಬ್ಬ ತಯಾರಕರ ಮೀಡಿಯಂ ಇನ್ನೊಬ್ಬರ ಹೆವಿಗೆ ಸಮನಾಗಿರಬಹುದಾದ್ದರಿಂದ ಆ ಪದಗಳನ್ನು ನಂಬದೆ, ಹಿಡಿಯ ಮೇಲ್ಭಾಗದಲ್ಲಿ ಮುದ್ರಿಸಿರುವ ಲ್ಯೂರ್ ತೂಕವನ್ನೂ ದಾರದ ಅಳತೆಯನ್ನೂ ಓದಿ ಕೊಳ್ಳಿ.

ಚೊಣಕ್ ನೀರಿನಿಂದ ಮೇಲಕ್ಕೆ ನೆಗೆದು, ಕಿವಿರು ಅಗಲಿಸಿ ತಲೆ ಕೊಡವುವ ಮೀನು. ಹಿಗ್ಗದ ಬ್ರೇಡ್ ದಾರದ ಜೊತೆ ತುದಿ ಮಾತ್ರ ಬಾಗುವ ಬಿರುಸಾದ ರಾಡ್ ಇದ್ದರೆ ಆ ಒದರಾಟದ ಪೆಟ್ಟೆಲ್ಲ ಮುಳ್ಳಿನ ಮೇಲೆ ಬಿದ್ದು, ಬಾಯಿಯ ರಂಧ್ರ ಅಗಲವಾಗಿ ಗಾಳ ಕಳಚಿಕೊಳ್ಳುತ್ತದೆ. ಮೂರು ಮುಳ್ಳಿನ ಗಾಳವಿರುವ ಗಟ್ಟಿ ಮಿನ್ನೋ ಎಸೆಯುವವರಿಗೆ ಮೇಲಿನ ಅರ್ಧ ಭಾಗ ಬಾಗುವ ಮಾಡರೇಟ್ ಫಾಸ್ಟ್ ರಾಡ್ ಹೆಚ್ಚು ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂಟಿ ಮುಳ್ಳಿನ ಜಿಗ್ ಹೆಡ್‌ಗೆ ಮಾತ್ರ ಫಾಸ್ಟ್ ಒಳ್ಳೆಯದು.

ಮುಂದೆ ಎಂದಾದರೂ ಪುಣೆಯ ಕಡೆ ಬಂದು, ನಾವು ಕೊರವ ಎಂದೂ ಇಲ್ಲಿಯವರು ಮರಳ ಎಂದೂ ಕರೆಯುವ ಮೀನಿಗೆ ಗಾಳ ಹಾಕುವುದಾದರೆ ಈ ಸೆಟ್ ಸಾಲದು. ಜೊಂಡಿನ ಮೇಲೆ ಕಪ್ಪೆ ಲ್ಯೂರ್ ಎಳೆದು, ಕಚ್ಚಿದ ಮೀನನ್ನು ಗಿಡಗಳ ಸಮೇತ ಎತ್ತಬೇಕಾಗುವುದರಿಂದ ಅಲ್ಲಿಗೆ ಪಿಇ 4 ದಾರ ಮತ್ತು ಹೆವಿ ರಾಡ್ ಬೇಕು. ಒಂದೇ ಸೆಟ್‌ನಿಂದ ಎರಡನ್ನೂ ಸಾಧಿಸಲು ಹೋಗಿ ಜುವಾರಿಗೆ ಹೊಂದದ ದಪ್ಪ ದಾರ ಕೊಳ್ಳಬೇಡಿ.

ಉತ್ತರ — ಮಢ್ ಕಲ್ಲುದಂಡೆ (ಮುಂಬೈ)

ಅಂಗಡಿಯವರು ಹೇಳಿದ ಒಂಬತ್ತು ಅಡಿ ನಮ್ಮ ಕಡೆಗೆ ಸರಿಯಾದ ಮಾತು. ಇಲ್ಲಿ ಜಿತಾಡಾ ಎನ್ನುವ ಇದೇ ಮೀನನ್ನು ನಾವು ಕಲ್ಲುಬಂಡೆಗಳ ಮೇಲೆ ನಿಂತು, ಎದುರುಗಾಳಿಯಲ್ಲಿ ಹಿಡಿಯಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ಇಳಿತಗಳ ನಡುವೆ ನಾಲ್ಕು ಮೀಟರಿಗೂ ಹೆಚ್ಚು ಅಂತರವಿರುವುದರಿಂದ ನೀರು ದೂರ ಸರಿದಿರುತ್ತದೆ, ದೂರ ಎಸೆಯದೆ ಗತಿಯಿಲ್ಲ. ಗೋವಾದಲ್ಲಿ ಆ ಅಂತರ ಇದರ ಅರ್ಧದಷ್ಟು. ಕಾಂಡ್ಲಾ ಕೊಂಬೆಗಳ ಕೆಳಗೆ ಉದ್ದ ರಾಡ್ ಬೀಸಲು ಜಾಗವೂ ಇರುವುದಿಲ್ಲ, ದೋಣಿಯಲ್ಲಂತೂ ಅದು ತೊಡಕು. ನಿಮಗೆ ಏಳು ಅಡಿಯೇ ಸರಿ.

ನಾನು ಸೇರಿಸಬೇಕಾದದ್ದು ಗಂಟಿನ ಬಗ್ಗೆ, ಏಕೆಂದರೆ ಬ್ರೇಡ್ ಮತ್ತು ಲೀಡರ್ ಕೂಡುವ ಜಾಗದಲ್ಲಿಯೇ ಹೊಸಬರ ಮೀನುಗಳು ಹೆಚ್ಚಾಗಿ ತಪ್ಪಿಹೋಗುತ್ತವೆ. ಎಫ್‌ಜಿ ಗಂಟನ್ನು ಮನೆಯಲ್ಲಿ ಕುಳಿತು ಕಲಿತುಕೊಳ್ಳಿ. ಬ್ರೇಡ್ ದಾರವನ್ನು ಬಿಗಿಯಾಗಿ ಹಿಡಿದು, ಲೀಡರ್‌ನ ಸುತ್ತ ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ ಇಪ್ಪತ್ತರಷ್ಟು ಸುತ್ತು ಹೆಣೆದು, ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಎಳೆಯಬೇಕು. ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡು ಬ್ರೇಡ್‌ನ ಬಣ್ಣ ಗಾಢವಾದಾಗ ಅದು ಲೀಡರ್‌ನೊಳಗೆ ಕಚ್ಚಿದೆ ಎಂದು ಅರ್ಥ. ಬಣ್ಣ ಬದಲಾಗದಿದ್ದರೆ ಗಂಟು ಜಾರುತ್ತದೆ, ಬಿಚ್ಚಿ ಮತ್ತೆ ಹಾಕಿ. ಸರಿಯಾಗಿ ಬಿದ್ದ ಗಂಟು ರಾಡ್‌ನ ಉಂಗುರಗಳೊಳಗೆ ತಡೆಯಿಲ್ಲದೆ ಹಾದುಹೋಗುತ್ತದೆ.

ಡ್ರ್ಯಾಗ್ ಅನ್ನು (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತವನ್ನು) ದಾರದ ಬಲದ ನಾಲ್ಕನೇ ಒಂದರಷ್ಟಕ್ಕೆ ಇಡಿ. 30 ಪೌಂಡ್ ಎಂದರೆ ಸುಮಾರು 13.6 ಕಿಲೋ, ಆದ್ದರಿಂದ ಸುಮಾರು 3.4 ಕಿಲೋ ಎಳೆತಕ್ಕೆ ದಾರ ಬಿಚ್ಚಿಕೊಳ್ಳಬೇಕು. ಕೈಯಂದಾಜು ಬೇಡ, ಸಾಮಾನು ತೂಗುವ ಕೊಕ್ಕೆ ತಕ್ಕಡಿಗೆ ದಾರ ಸಿಕ್ಕಿಸಿ ನೋಡಿ.

ಮತ್ತೆ ಪ್ರಶ್ನೆ — ವರದಾತೀರ (ವಾಸ್ಕೋ)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಏಳು ಅಡಿಯ ರಾಡ್, ಪಿಇ 2 ಬ್ರೇಡ್, 40 ಪೌಂಡಿನ ನೈಲಾನ್ ಲೀಡರ್ ಎಂದು ನಿಶ್ಚಯಿಸಿದ್ದೇನೆ. ಫಾಸ್ಟ್ ಅಥವಾ ಮಾಡರೇಟ್ ಫಾಸ್ಟ್ ಎಂಬ ಒಂದು ತೀರ್ಮಾನ ಉಳಿದಿದೆ. ಜಿಗ್ ಹೆಡ್ ಎಷ್ಟು ಗ್ರಾಮಿನದು ಕೊಳ್ಳಬೇಕು? ಮಳೆಗಾಲದಲ್ಲಿ ಹಿಡಿಯಬಹುದೇ?

ಉತ್ತರ — ಕಾಳಿ ಅಳಿವೆ (ಪಣಜಿ)

ಪುಣೆಯವರ ವಾದದಲ್ಲಿ ಹುರುಳಿದೆ. ದಪ್ಪ ಮುಳ್ಳನ್ನು ಗಟ್ಟಿ ಬಾಯಿಗೆ ಚುಚ್ಚಲು ಬಿರುಸು ಬೇಕೆಂದು ನಾನು ಫಾಸ್ಟ್ ಹೇಳಿದ್ದೆ. ನೀವು ಮೊದಲ ವರ್ಷ ಗಟ್ಟಿ ಮಿನ್ನೋವನ್ನೇ ಹೆಚ್ಚು ಎಸೆಯುವುದಾದರೆ ಮಾಡರೇಟ್ ಫಾಸ್ಟ್ ಕೊಳ್ಳಿ, ಮೆತ್ತನೆಯ ಲ್ಯೂರ್ ಹೆಚ್ಚಾದರೆ ಫಾಸ್ಟ್.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಯಾಂತ್ರಿಕ ದೋಣಿಗಳಿಗೆ ಅನ್ವಯಿಸುತ್ತದೆ, ದಂಡೆಯ ಗಾಳಕ್ಕಲ್ಲ. ಆದರೂ ಮಳೆಗಾಲ ಚೊಣಕ್ ಮೊಟ್ಟೆಯಿಡಲು ಅಳಿವೆಯತ್ತ ಇಳಿಯುವ ಕಾಲ. ಈ ಮೀನು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ತೀರಾ ದೊಡ್ಡ ಮೀನುಗಳು ಬಹುಪಾಲು ಹೆಣ್ಣೇ ಆಗಿರುತ್ತವೆ. ಮನೆಗೆ ಮಧ್ಯಮ ಗಾತ್ರದ್ದನ್ನು ಒಯ್ಯಿರಿ, ಹಿರಿದನ್ನು ನೀರಿನಲ್ಲಿಯೇ ಗಾಳ ಬಿಡಿಸಿ ಹೋಗಲು ಬಿಡಿ. ಬಿಡಿಸಲು ಉದ್ದ ಮೂತಿಯ ಇಕ್ಕಳ ಜೊತೆಗಿರಲಿ, ಕಿವಿರಿನೊಳಗೆ ಕೈ ಹಾಕಬೇಡಿ.

ಜಿಗ್ ಹೆಡ್ 7, 10 ಮತ್ತು 14 ಗ್ರಾಮಿನವು ಕೆಲವು ಕೆಲವು ಕೊಳ್ಳಿ. ನೀರು ನಿಂತಿರುವಾಗ 7, ಇಳಿತ ಜೋರಾದಾಗ 14. ಎಸೆದ ಮೇಲೆ ತಳ ತಾಗಿದ್ದು ದಾರ ಸಡಿಲವಾಗುವುದರಿಂದ ತಿಳಿಯಬೇಕು. ಹಾಗೆ ತಿಳಿಯುವವುಗಳಲ್ಲಿ ಅತಿ ಹಗುರವಾದದ್ದನ್ನೇ ಬಳಸಿ, ಏಕೆಂದರೆ ಚೊಣಕ್ ಬಹಳ ಸಲ ಲ್ಯೂರ್ ಮೆಲ್ಲಗೆ ಕೆಳಗಿಳಿಯುತ್ತಿರುವಾಗಲೇ ಅದನ್ನು ಒಳಗೆಳೆದುಕೊಳ್ಳುತ್ತದೆ.